ಕಿಣ್ವವಿಲ್ಲದ ಸಾಲು

ಪ್ರಯೋಗಾಲಯದ ಫ್ರಿಜ್ಜಿನಲ್ಲಿದ್ದ ಆ ಪುಟ್ಟ ಸೀಸೆಯನ್ನು ಎಲ್ಲರೂ ಅಜ್ಜ ಎನ್ನುತ್ತಿದ್ದರು. ಅದರಲ್ಲಿದ್ದದ್ದು ಪ್ರತಿಕಾಯ, ಅಂದರೆ ಆಂಟಿಬಾಡಿ; ಲಿವರಿನ ಒಂದು ಕಿಣ್ವವನ್ನು ಹುಡುಕಿ ಹಿಡಿಯುವುದೇ ಅದರ ಕೆಲಸ. ಪರೀಕ್ಷಿಸುವ ಮಾದರಿಯಲ್ಲಿ ಕಿಣ್ವವಿದ್ದರೆ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಅಜ್ಜ ಗೆರೆ ಎಳೆದರೆ ಮುಗಿಯಿತು, ಎದುರು ಮಾತಿಲ್ಲ. ಸಂಶೋಧನೆಗೆ ಮಾತ್ರ, ರೋಗ ಪತ್ತೆಗಲ್ಲ ಎಂದು ಸೀಸೆಯ ಮೇಲೇ ಅಚ್ಚಾಗಿತ್ತು. ಅದನ್ನು ಓದುವ ಗೋಜಿಗೆ ಯಾರು ಹೋಗುತ್ತಾರೆ!

ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳ ಅಕ್ಕನ ಮಗನಿಗೆ ಆ ಕಿಣ್ವವೇ ಇಲ್ಲವೇನೋ ಎಂದು ವೈದ್ಯರಿಗೆ ಅನುಮಾನ. ಅದಿಲ್ಲದಿದ್ದರೆ ಹಾಲಿನ ಪ್ರೋಟೀನೇ ಮೈಯಲ್ಲಿ ವಿಷವಾಗುತ್ತದೆ. ಮಗು ಮಂಪರಿಗೆ ಜಾರಿ ಮತ್ತೆ ಏಳದೆಯೂ ಹೋಗಬಹುದು. ಅಕ್ಕನ ಮೊದಲ ಮಗಳು ಹೋದದ್ದು ಹಾಗೆಯೇ. ಅದಕ್ಕೇ ಇವನಿಗೆ ಹಾಲು ಅಳತೆಯಲ್ಲಿ ಮಾತ್ರ. ಹಸಿದು ಅಳುತ್ತಿದ್ದರೆ ಅಕ್ಕ ಅಡುಗೆಮನೆಗೆ ಹೋಗಿ, ಅಳು ಕೇಳದಿರಲೆಂದು ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು.

ಆಸ್ಪತ್ರೆಯ ವರದಿ ಬರಲು ಇನ್ನೂ ತಡವಿತ್ತು. ಅಷ್ಟರಲ್ಲಿ ಅಲ್ಲಿ ಪರೀಕ್ಷೆಗೆ ತೆಗೆದಿದ್ದ ಮಗುವಿನ ಲಿವರಿನ ಚೂರೊಂದು ಸಂಶೋಧನೆಗೆಂದು ಅವಳ ಮೇಜಿಗೇ ಬಂತು. ಕೈ ಸುಮ್ಮನಿರಲಿಲ್ಲ. ಪರೀಕ್ಷೆ ಮಾಡಿಯೇಬಿಟ್ಟಳು. ದಟ್ಟವಾದ ಗೆರೆ ಮೂಡಿತು. ಹಿಗ್ಗಿ ಹೀರೇಕಾಯಿಯಾಗಿ ಫೋನ್ ಮಾಡಿದಳು.

"ಇದೆ ಅಕ್ಕಾ, ಕಿಣ್ವ ಇದೆ!"

"ನಿಜವಾಗ್ಲೂ? ಹಾಗಾದ್ರೆ ಹಾಲು ಕೊಡಬಹುದೇನೇ?"

ಡಾಕ್ಟರನ್ನು ಕೇಳು ಎನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ. "ಹೊಟ್ಟೆ ತುಂಬ ಕೊಡು."

ಹಾಳೆಯನ್ನು ನೋಡಿದ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೇಳಿದ್ದು ಒಂದೇ ಮಾತು. "ಕಿಣ್ವ ಇಲ್ಲದ ಸಾಲು ಎಲ್ಲಿ?"

ಆ ಕಿಣ್ವದ ಜೀನನ್ನೇ ತೆಗೆದುಹಾಕಿದ ಜೀವಕೋಶಗಳು ಪ್ರಯೋಗಾಲಯದಲ್ಲಿದ್ದವು. ಪ್ರತಿ ಸಲವೂ ಪಕ್ಕದ ಸಾಲಿನಲ್ಲಿ ಅವನ್ನೂ ಹಾಕಿ, ಅಲ್ಲಿ ಗೆರೆ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಜ್ಜನ ಮೇಲಿನ ಭರವಸೆಯಿಂದ ಆ ಪದ್ಧತಿ ಯಾವಾಗಲೋ ಬಿಟ್ಟುಹೋಗಿತ್ತು.

"ಅಜ್ಜನಿಗೂ ಪರೀಕ್ಷೆಯಾ ಮೇಡಂ?" ಎಂದು ನಕ್ಕಳು.

"ಮಾಡು" ಎಂದರು ಮೇಡಂ. ಅವರು ನಗಲಿಲ್ಲ.

ಮರುದಿನ ಮಧ್ಯಾಹ್ನ ಆ ಸಾಲಿನಲ್ಲೂ ಗೆರೆ ಮೂಡಿತು. ಅಷ್ಟೇ ದಟ್ಟವಾಗಿ, ಅದೇ ಜಾಗದಲ್ಲಿ. ಅಜ್ಜ ಇಷ್ಟು ದಿನ ಹಿಡಿದು ತೋರಿಸುತ್ತಿದ್ದದ್ದು ಇನ್ಯಾವುದೋ ಪ್ರೋಟೀನನ್ನು. ಕೂಡಲೇ ಅಕ್ಕನಿಗೆ ಫೋನ್ ಮಾಡಿದಳು. ಅದು ಆಫ್ ಆಗಿತ್ತು. ಬಿಳಿ ಕೋಟಿನಲ್ಲೇ ರಸ್ತೆಗೆ ಓಡಿ, ಸಿಕ್ಕ ಬಾಡಿಗೆ ಕಾರು ಹತ್ತಿದಳು.

ಅಕ್ಕ ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟಳು. ಅವಳ ಮುಖ ಹಾಗೆ ಅರಳಿದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ.

"ಮೆಲ್ಲಗೆ ಬಾರೇ. ನಿನ್ನೆಯಿಂದ ಹೊಟ್ಟೆ ತುಂಬ ಕುಡಿದಿದಾನೆ. ಬೆಳಿಗ್ಗೆಯಿಂದ ನಿದ್ದೆ ನೋಡು. ಫೋನ್ ಶಬ್ದಕ್ಕೆ ಎದ್ದಾನು ಅಂತ ಅದನ್ನೂ ಆರಿಸಿಟ್ಟೆ."

"ಎಬ್ಬಿಸು ಅಕ್ಕಾ."

"ಹುಚ್ಚೇನೇ ನಿಂಗೆ? ಹುಟ್ಟಿದಾಗಿಂದ ಹೀಗೆ ಮಲಗಿದ್ದೇ ಇಲ್ಲ ಅವನು."

ತಂಗಿ ತೊಟ್ಟಿಲಿಗೆ ಬಗ್ಗಿ ಅಂಗಾಲು ತಟ್ಟಿದಳು. ಮಗು ಕದಲಲಿಲ್ಲ. ಜೋರಾಗಿ ಚಿವುಟಿದಳು. ಅಕ್ಕ ಅವಳ ಕೈ ಹಿಡಿಯಬಂದವಳು ಹಾಗೇ ನಿಂತಳು. ಅವಳಿಗೆ ಮಗಳ ಕೊನೆಯ ದಿನ ನೆನಪಾಗಿರಬೇಕು. ಮತ್ತೊಮ್ಮೆ ಚಿವುಟಿದಾಗ ಮಗು ಕಣ್ಣು ಬಿಡದೆಯೇ ಕ್ಷೀಣವಾಗಿ ಅತ್ತಿತು. ಅಕ್ಕ ಬಾಚಿ ಎತ್ತಿಕೊಂಡಳು.

"ಅಳೋ ಕಂದಾ, ಅಳು, ನಿಲ್ಲಿಸಬೇಡ" ಎನ್ನುತ್ತ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದಳು.

ಆಸ್ಪತ್ರೆಗೆ ಹೊರಟ ಕಾರಿನಲ್ಲಿ ಒಮ್ಮೆ ಮಾತ್ರ ತಂಗಿಯ ಕಡೆ ತಿರುಗಿದಳು. "ಇದೆ ಅಂದ್ಯಲ್ಲೇ. ಇದೆಯೋ, ಇಲ್ವೋ?"

"ಗೊತ್ತಿಲ್ಲ ಅಕ್ಕಾ" ಎಂದಳು ತಂಗಿ.