ನಸಿಬೆಕೊ ಅಜ್ಜಿ ತನ್ನ ಕೈ ಮೇಲೆ ತಾನೇ ಕೂತಳು

ನಮ್ಮೂರಲ್ಲಿ ಎಲ್ಲರಿಗಿಂತ ಚುರುಕು ಕೈ ಯಾರದು ಎಂದು ಕೇಳಿ ನೋಡಿ. ಮಾವಿನ ಮರದ ಕೆಳಗಿನ ಗಂಡಸರು ಕಚಿಂಗ್ವೆ ಅಜ್ಜನದು ಅನ್ನುತ್ತಾರೆ. ಅಳಗುಳಿಯಂಥ ಬಾವೊ ಆಟದ ಮಣೆಯ ಗುಳಿಗಳಿಗೆ ಆತ ಕಾಯಿ ಹಂಚುವುದು ಕಣ್ಣಿಗೇ ಕಾಣುವುದಿಲ್ಲವಂತೆ. ಸುಳ್ಳು! ಚುರುಕು ಕೈ ಆತನ ಹೆಂಡತಿ ನಸಿಬೆಕೊ ಅಜ್ಜಿಯದು. ಮೊಮ್ಮಗಳು ತಿಯಾಂಜಾನೆ ಆಕಳಿಸೋಕೆ ಬಾಯಿ ತೆರೆದರೂ ಸಾಕು, ಮೆಕ್ಕೆಜೋಳದ ಹಿಟ್ಟಿನ ನ್ಸಿಮ ಮುದ್ದೆ ಒಂದು ತುತ್ತು ಒಳಗೆ ಹೋಗಿರುತ್ತಿತ್ತು. ಈ ಫಲೇಸಿಯ ಮಾತು ನಂಬಿ. ಹನ್ನೆರಡು ವರ್ಷದಿಂದ ಅದೇ ಮರದ ಕೆಳಗೆ ಸಿಹಿ ಹಿಟ್ಟಿನ ಉಂಡೆ ಮಂಡಾಸಿ ಕರಿದು ಮಾರುತ್ತಿದ್ದೇನೆ, ಅವರ ಅಂಗಳ ನನ್ನ ಬಾಣಲೆಯ ಎದುರಿಗೇ ಇದೆ.

ತಿಯಾಂಜಾನೆಗೆ ಆರು ವರ್ಷ. ಹುಟ್ಟಿದಾಗ ಬಹಳ ಹೊತ್ತು ಅತ್ತಿರಲಿಲ್ಲ. ಆಮೇಲೆ ಬಲಗೈ, ಬಲಗಾಲು ಬಿಗಿಯಾಗಿಯೇ ಉಳಿದವು. ಕುಂಟುತ್ತ ಊರೆಲ್ಲ ಓಡಾಡುತ್ತಾಳೆ, ಬಾಯಿ ನನ್ನದಕ್ಕಿಂತ ಜೋರು. ಎಡಗೈ ಚೆನ್ನಾಗಿದೆ. ಆದರೆ ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕಿ ಉಣ್ಣುವಾಗ ಎಡಗೈ ಹಾಕುವುದುಂಟೇ? ಅಜ್ಜಿ ಬಿಡಲಿಲ್ಲ. ಬಲಗೈಗೆ ಆಗದು, ಎಡಗೈಗೆ ಬಿಡರು. ಹೀಗಾಗಿ ಆರು ವರ್ಷದಲ್ಲಿ ಹುಡುಗಿ ಒಂದು ತುತ್ತನ್ನೂ ತಾನಾಗಿ ಉಂಡಿರಲಿಲ್ಲ.

ಜಗಳ ಹುಟ್ಟಿದ್ದು ಶಾಲೆಯ ವಿಷಯಕ್ಕೆ. ಹುಡುಗಿಯ ಅಮ್ಮ ಎಲುಬೆ ಕೆರೆದಂಡೆಯಲ್ಲಿ ಮೀನು ಒಣಗಿಸುತ್ತಾಳೆ. ಒಂದು ದಿನ ಅಲ್ಲಿಂದ ಬಂದವಳೇ, ಸೆಪ್ಟೆಂಬರಿನಲ್ಲಿ ಶಾಲೆ ಶುರುವಾಗುತ್ತೆ, ಮಗಳ ಹೆಸರು ಬರೆಸಿದ್ದೇನೆ ಎಂದಳು.

"ಬೆಳಿಗ್ಗೆ ಶಾಲೇಲಿ ಗಂಜಿ ಕೊಡ್ತಾರೆ, ಗೊತ್ತೇನೇ?" ಅಜ್ಜಿ ಸೊಂಟಕ್ಕೆ ಕೈ ಇಟ್ಟಳು. "ಹೊಗೆಯಾಡೋ ಗಂಜಿ! ಲೋಟ ಯಾರು ಹಿಡೀತಾರೆ? ಹೆಡ್ ಮೇಡಂ ಬಂದು ಹಿಡೀತಾರಾ?"

"ಅವಳೇ ಹಿಡ್ಕೋತಾಳಮ್ಮ."

"ಹೂಂ, ಹಿಡ್ಕೋತಾಳೆ. ಮೈಮೇಲೆ ಸುರ್ಕೊಂಡು ಬೊಬ್ಬೆ ಎದ್ರೆ? ಲೋಟ ಹಿಡಿಯೋದು ಬರೋವರೆಗೂ ಶಾಲೆ ಮಾತು ಎತ್ತಬೇಡ."

ಎಲುಬೆ ನನ್ನ ಬಾಣಲೆಯ ಪಕ್ಕ ಬಂದು ಕೂತು ಅತ್ತಳು. "ಅಳಬೇಡ ಕಣೇ," ಎಂದೆ. "ಜಿಲ್ಲಾಸ್ಪತ್ರೇಲಿ ವೇಜಿ ಅಂತ ಒಬ್ಳು ಇದಾಳೆ. ನನ್ನ ತಂಗಿ ಮಗ ಅಂಗಿ ಗುಂಡಿ ಹಾಕ್ಕೊಳ್ಳೋದು ಕಲಿತಿದ್ದು ಅವಳ ಹತ್ರಾನೇ. ಕೇಳಿದ್ರೆ ಮನೆಗೂ ಬರ್ತಾಳೆ."

ವೇಜಿ ಬಂದಳು. ಅಜ್ಜ ಬಾವೊ ಮಣೆ ಬಿಟ್ಟು ಎದ್ದ, ಅದೇ ದೊಡ್ಡ ಮರ್ಯಾದೆ.

"ಇಂಜೆಕ್ಷನ್ ಎಲ್ಲಮ್ಮ?"

"ಇಲ್ಲ ಅಜ್ಜ."

"ಮಾತ್ರೆ?"

"ಅದೂ ಇಲ್ಲ."

ಅಜ್ಜ ಅವಳ ಚೀಲಕ್ಕೆ ಇಣುಕಿದ. ಹಳೇ ಸೈಕಲ್ ಟ್ಯೂಬಿನ ಪಟ್ಟಿಗಳು, ಬಟ್ಟೆಗೆ ಹಾಕುವ ಕ್ಲಿಪ್ಪುಗಳು, ಬಾಟಲಿ ಮುಚ್ಚಳಗಳು. "ನಸಿಬೆಕೊ," ಎಂದು ಕೂಗಿದ, "ಸೈಕಲ್ ರಿಪೇರಿಯವಳು ಬಂದಿದಾಳೆ ಕಣೇ!"

ವೇಜಿಗೇ ಮೊದಲು ನಗು ಬಂತು. "ಇದಕ್ಕೆ ಆಕ್ಯುಪೇಷನಲ್ ಥೆರಪಿ ಅಂತಾರೆ ಅಜ್ಜ. ಉಣ್ಣೋದು, ಉಡೋದು, ಆಡೋದು, ಬರೆಯೋದು, ಇದನ್ನೆಲ್ಲ ಮಗು ತನಗೆ ಆಗೋ ರೀತೀಲಿ ತಾನೇ ಮಾಡ್ಕೊಳ್ಳೋ ಹಾಗೆ ಕಲಿಸೋದು. ಮೊದಲು ನೀವು ಊಟಕ್ಕೆ ಕೂತ್ಕೊಳ್ಳಿ, ನಾನು ನೋಡ್ತೀನಿ."

ಉಂಡರು. ನೋಡಿದಳು.

"ಅಜ್ಜಿ, ಹದಿನೇಳು ತುತ್ತು ಹಾಕಿದ್ರಿ. ಒಂದ್ಸಲನೂ ಅವಳು ಕೈ ಎತ್ತೋಕೆ ಬಿಡಲಿಲ್ಲ."

"ಪ್ರೀತಿ ಕಣಮ್ಮ ಅದು!"

"ಪ್ರೀತಿ ಇಲ್ಲ ಅಂದ್ನಾ? ಅವಳಿಗೆ ಸ್ವಲ್ಪ ಸಮಯಾನೂ ಕೊಡಿ ಅಂತಿದೀನಿ. ಎಡಗೈಲಿ ಉಣ್ಣೋಕೆ ಯಾಕೆ ಬಿಡಲ್ಲ?"

"ಅಯ್ಯೋ ದೇವರೇ! ತಟ್ಟೆಗೆ ಎಡಗೈಯಾ?"

"ಊಟಕ್ಕೆ ಮುಂಚೆ ನೀರು ಹುಯ್ದ್ರಲ್ಲ, ಎಷ್ಟು ಕೈಗೆ ಹುಯ್ದ್ರಿ?"

"ಎರಡಕ್ಕೂ."

"ಹಾಗಾದ್ರೆ ಎಡಗೈ ಕೊಳೆ ಎಲ್ಲಿ ಉಳೀತು?"

ಅಜ್ಜ ತೊಡೆ ತಟ್ಟಿದ. "ನೀನು ಸೋತೆ ಕಣೇ! ಗುಳಿ ಪೂರ್ತಿ ಖಾಲಿ!"

"ನೀವು ಸುಮ್ನಿರಿ," ಎಂದಳು ಅಜ್ಜಿ, ಎಲ್ಲ ಸಿಟ್ಟನ್ನೂ ಅತ್ತ ತಿರುಗಿಸಿ.

ಆದರೆ ಅಜ್ಜನ ಸರದಿ ಬಾಕಿ ಇತ್ತು. ದಿನಾ ಸ್ವಲ್ಪ ಹೊತ್ತು ತಿಯಾಂಜಾನೆ ಆತನ ಜೊತೆ ಬಾವೊ ಆಡಬೇಕು ಎಂದಳು ವೇಜಿ. ಎಡಗೈಯಿಂದ ಕಾಯಿ ಹಂಚಬೇಕು, ಬಲಗೈಯಿಂದ ಮಣೆ ಒತ್ತಿ ಹಿಡಿಯಬೇಕು, ಆಗಾಗ ಬಲಗೈಯಲ್ಲೂ ಒಂದೊಂದು ಕಾಯಿ ಎತ್ತಲು ನೋಡಬೇಕು. ನೋವಾದರೆ, ಬೇಜಾರಾದರೆ ನಿಲ್ಲಿಸಬೇಕು.

"ಏನು? ಬಾವೊ ಗಂಡಸರ ಆಟ! ನನ್ನ ಮಣೆ ಮಕ್ಕಳು ಮುಟ್ಟಂಗಿಲ್ಲ!"

"ಹೆದ್ರಿಕೆಯಾ ಅಜ್ಜ?" ಎಂದಳು ತಿಯಾಂಜಾನೆ.

ಮರದ ಕೆಳಗಿನ ಗಂಡಸರೆಲ್ಲ ಹೋ ಎಂದು ನಕ್ಕರು. ಇನ್ನು ಆಡದೆ ವಿಧಿಯೇ ಇರಲಿಲ್ಲ.

ಅಜ್ಜಿಗೆ ಸಿಕ್ಕ ಕೆಲಸ ಇನ್ನೂ ಕಷ್ಟದ್ದು. ಸಹಾಯಕ್ಕೆ ಕೈ ಹಾಕುವ ಮೊದಲು ಇಪ್ಪತ್ತರವರೆಗೆ ಎಣಿಸಬೇಕು. "ಕೈ ತಡೆಯೋಕೆ ಆಗಲ್ಲ ಅಂದ್ರೆ ಕೈ ಮೇಲೇ ಕೂತ್ಕೊಳ್ಳಿ," ಎಂದಳು ವೇಜಿ. ಗಂಜಿ ಲೋಟಕ್ಕೆ ಟ್ಯೂಬಿನ ಪಟ್ಟಿ ಸುತ್ತಿದಳು, ಜಾರಬಾರದಲ್ಲ. ಎಡಗೈಲಿ ಹಿಡಿ, ಬಲಗೈಲಿ ಆಸರೆ ಕೊಡು ಎಂದು ತೋರಿಸಿದಳು. ಮೊದಲು ತಣ್ಣೀರು, ಅರ್ಧ ಲೋಟ ಮಾತ್ರ.

ಹೊರಡುವಾಗ ಎಲುಬೆಯ ಭುಜ ಹಿಡಿದು ಕೇಳಿದಳು: "ಅಕ್ಕ, ಕೆಲಸ, ಮಗಳು ಅಂತ ಓಡಾಡ್ತಾನೇ ಇದೀರಲ್ಲ, ನೀವು ಬಿಸಿ ಊಟ ಮಾಡಿ ಎಷ್ಟು ದಿನ ಆಯ್ತು?"

ಆರು ವರ್ಷದಲ್ಲಿ ಯಾರೂ ಎಲುಬೆಯನ್ನು ಅದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ನನಗೆ ನಾಚಿಕೆಯಾಯಿತು.

ಮಾರನೇ ದಿನದಿಂದ ಊರಿಗೆ ಬಿಟ್ಟಿ ನಾಟಕ. ಹುಡುಗಿ ಎಡಗೈಯಲ್ಲಿ ಮುದ್ದೆ ಮುರಿಯುತ್ತಾಳೆ, ಅದು ಬೀಳುತ್ತದೆ, ಕೋಳಿ ಓಡಿ ಬರುತ್ತದೆ. ಅಜ್ಜಿ ಕೈ ಮೇಲೆ ಕೂತು ಅತ್ತಿತ್ತ ಅಲುಗುತ್ತ, "ಒಂದು, ಎರಡು, ಮೂರು, ಇಪ್ಪತ್ತು!" ಎನ್ನುತ್ತಾಳೆ.

"ನಡುವೆ ಹದಿನಾರು ಎಲ್ಲಿ ಹೋದ್ವು ಅಜ್ಜಿ?" ಎಂದು ನಾನು ಇಲ್ಲಿಂದಲೇ ಕೂಗುತ್ತೇನೆ.

"ನಿನ್ನ ಮಂಡಾಸಿ ಸೀದು ಹೋಗ್ತಿದೆ, ಅದನ್ನ ನೋಡ್ಕೋ!"

ಒಂದು ತಿಂಗಳಿಗೆ ಕೋಳಿ ದಪ್ಪಗಾಯಿತು. ಎರಡನೇ ತಿಂಗಳಿಗೆ ಬಡವಾಗತೊಡಗಿತು. ವೇಜಿ ಎರಡು ವಾರಕ್ಕೊಮ್ಮೆ ಬಂದು, ಆಗಿದ್ದನ್ನು ಹೊಗಳಿ, ಆಗದ್ದನ್ನು ಬೇರೆ ಥರ ಮಾಡಿ ತೋರಿಸುತ್ತಿದ್ದಳು. ಬಲಗೈ ನೆಟ್ಟಗಾಗಲಿಲ್ಲ. ಆಗುತ್ತದೆ ಎಂದು ಅವಳು ಹೇಳಿಯೂ ಇರಲಿಲ್ಲ. ಆದರೆ ಆ ಕೈ ಮಣೆ ಹಿಡಿಯಿತು, ಲೋಟಕ್ಕೆ ಆಸರೆಯಾಯಿತು. ಒಂದು ಮಧ್ಯಾಹ್ನ ಅಜ್ಜ ಕದ್ದು ಒಂದು ಕಾಯಿ ಸರಿಸಿದಾಗ ಆತನ ಮಣಿಕಟ್ಟಿನ ಮೇಲೆ ಟಪ್ಪೆಂದು ಬಿದ್ದದ್ದೂ ಅದೇ ಬಲಗೈ. "ಮೋಸ!" ಎಂದಳು ಹುಡುಗಿ. ಅಜ್ಜನಿಗೆ ಎಷ್ಟು ಖುಷಿಯಾಯಿತೆಂದರೆ, ತನ್ನ ಮೋಸವನ್ನು ತಾನೇ ಊರಿಗೆಲ್ಲ ಸಾರಿಕೊಂಡು ಬಂದ.

ಸೆಪ್ಟೆಂಬರ್ ಬಂತು. ತಿಯಾಂಜಾನೆ ಟ್ಯೂಬು ಸುತ್ತಿದ ಲೋಟ ಹಿಡಿದು ಶಾಲೆಗೆ ಹೋದಳು. ಆ ದಿನ ಶಾಲೆಯ ಗೇಟಿನ ಬಳಿ ಮಂಡಾಸಿ ಮಾರಲು ಹೋಗಿದ್ದೆ. ವ್ಯಾಪಾರ ಬರೀ ನೆಪ, ಬಿಡಿ. ನೋಡಿದರೆ ಅಡುಗೆ ಗುಡಿಸಲಿನ ಹಿಂದೆ ಯಾರೋ ಬಗ್ಗಿ ಕೂತಿದ್ದಾರೆ! ನಮ್ಮ ನಸಿಬೆಕೊ ಅಜ್ಜಿ, ಎರಡೂ ಕೈ ಕುಂಡಿಯ ಕೆಳಗೆ. ನಾನೂ ಮೆಲ್ಲಗೆ ಹೋಗಿ ಹಿಂದೆ ನಿಂತೆ.

ತಿಯಾಂಜಾನೆ ಸಾಲಿನಲ್ಲಿ ನಿಂತಳು. ದೊಡ್ಡವರಿಂದ ಏನನ್ನೇ ತಗೊಂಡರೂ ಎರಡು ಕೈಯಲ್ಲಿ ತಗೋಬೇಕಲ್ಲ, ಹಾಗೇ ತಗೊಂಡಳು. ಗಂಜಿ ಅಲುಗಿತು. ಅಜ್ಜಿಯ ಎಣಿಕೆ ನನಗೆ ಕೇಳಿಸುತ್ತಿತ್ತು. ಈ ಸಲ ಒಂದೂ ಹಾರಿಸಲಿಲ್ಲ. ಹದಿನಾಲ್ಕಕ್ಕೆ ಲೋಟ ಹುಡುಗಿಯ ತುಟಿ ಮುಟ್ಟಿತು. ಗಲ್ಲದ ಮೇಲೆ ಎರಡು ಹನಿ ಬಿತ್ತು, ಅಷ್ಟೇ.

ಅಜ್ಜಿ ಗೊಳೋ ಎಂದು ಅತ್ತಳು. ಅಡಗಿ ಕೂತದ್ದೆಲ್ಲ ದಂಡವಾಯಿತು. ತಿಯಾಂಜಾನೆ ಕುಂಟುತ್ತ ಬಂದು, ಉಳಿದ ಗಂಜಿಯನ್ನು ಎರಡೂ ಕೈಯಿಂದ ಅಜ್ಜಿಯ ಮುಂದೆ ಹಿಡಿದಳು. "ಕುಡಿ ಅಜ್ಜಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಅಜ್ಜಿ ಅಳುತ್ತಲೇ ಲೋಟ ತಗೊಂಡಳು, ಗಂಜಿ ಬಟ್ಟೆಗೆಲ್ಲ ಚೆಲ್ಲಿತು. ನಾನು ಹಿಡಿಯಲು ಮುಂದೆ ಹೋದೆ.

"ಫಲೇಸಿ ಚಿಕ್ಕಮ್ಮ, ಕೈ ಹಾಕಬೇಡ," ಎಂದಳು ಹುಡುಗಿ. "ಇಪ್ಪತ್ತರವರೆಗೆ ಎಣಿಸು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗುವಿಗೂ ಉಣ್ಣಲು, ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಕಷ್ಟವೇ? ದೊಡ್ಡದಾದ ಮೇಲೆ ಸರಿಹೋಗುತ್ತೆ ಎಂದು ಕಾಯಬೇಡಿ, ಇದರ ಕೈಲಿ ಆಗಲ್ಲ ಎಂದು ಮೂಲೆಗೂ ಕೂರಿಸಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯಲ್ಲೋ ಊರಿನ ಆರೋಗ್ಯ ಕಾರ್ಯಕರ್ತೆಯನ್ನೋ ಕೇಳಿ, ಈ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಆದಷ್ಟು ಬೇಗ ಹೋಗಿ. ಅಜ್ಜ ಅಜ್ಜಿಯನ್ನೂ ಕರೆದುಕೊಂಡು ಹೋಗಿ, ಅವರಿಗೂ ಕಲಿಯುವುದಿರುತ್ತದೆ. ಮನೆಗೆ ಬಂದ ಮೇಲೆ ಕೈ ಮೇಲೆ ಕೂತು ಇಪ್ಪತ್ತರವರೆಗೆ ಎಣಿಸಿ. ನಡುವಿನ ಹದಿನಾರು ಹಾರಿಸಬೇಡಿ, ಬಾಣಲೆಯ ಹತ್ತಿರ ಕೂತವರಿಗೆ ಎಲ್ಲ ಕೇಳಿಸುತ್ತದೆ.