ನಾರ್ಮಲ್

ಹೆಣದ ವ್ಯಾನಿನ ಹಿಂಬಾಗಿಲು ಹಾಕುತ್ತಿದ್ದಾಗ ಪ್ರಯೋಗಾಲಯದ ಸಂಶೋಧಕಿ ಮೂರನೆಯ ಸಲ ಗಡಿಯಾರ ನೋಡಿಕೊಂಡಳು. ಸತ್ತವನ ಹೆಂಡತಿಯ ಕಣ್ಣಿಗೆ ಅದು ಬಿತ್ತು.

“ಏನಮ್ಮಾ, ಅಷ್ಟು ಅವಸರಾನಾ?”

“ತಪ್ಪು ತಿಳ್ಕೋಬೇಡಿ ಅಕ್ಕಾ. ನಿನ್ನೆ ಬೆಳಿಗ್ಗೆ ಅಣ್ಣ ಕೊಟ್ಟ ರಕ್ತ ಇದೆ. ನಾಲ್ಕು ಗಂಟೆಗೆ ನೋಡ್ಲೇಬೇಕು, ಇಲ್ದಿದ್ರೆ ಚೆಲ್ಲಬೇಕಾಗುತ್ತೆ. ನೀವು ಬೇಡ ಅಂದ್ರೆ ಮುಟ್ಟಲ್ಲ.”

ಹೆಂಡತಿಯ ತಮ್ಮ ಸಿಡುಕಿದ. “ಆ ಕಿರಣದ ಮೆಷೀನೇ ಭಾವನ್ನ ತಿಂದುಹಾಕಿದ್ದು! ಇನ್ನೂ ಸಾಕಾಗ್ಲಿಲ್ವಾ?”

“ಕಿರಣ ಬಿಡ್ತಿದ್ದಿದ್ದು ರಕ್ತಕ್ಕೆ, ಅವರಿಗಲ್ಲ. ಅವರು ಹೋಗಿದ್ದು ಹೃದಯ ನಿಂತು.”

ತಮ್ಮ ನಂಬಲಿಲ್ಲ. ಹೆಂಡತಿಗೂ ಮನಸ್ಸು ಹೊಯ್ದಾಡಿತು. ಜಗಳಕ್ಕೆ ಅದು ಹೊತ್ತಲ್ಲ, ವ್ಯಾನು ಹೊರಟಿತು.

*

ಹದಿನೆಂಟು ವರ್ಷ ಅವಳ ಗಂಡ ಪ್ರಯೋಗಾಲಯದ ಆ ವಿಕಿರಣದ ಮೆಷೀನು ನಡೆಸಿದ್ದ. ತಿಂಗಳಿಗೊಮ್ಮೆ ಮೊಣಕೈ ಸಂದಿಗೆ ಹತ್ತಿ ಅಂಟಿಸಿಕೊಂಡು ಮನೆಗೆ ಬರುತ್ತಿದ್ದ.

“ಇವತ್ತೂ ಚುಚ್ಚಿಸ್ಕೊಂಡ್ರಾ? ಇರೋ ರಕ್ತಾನೆಲ್ಲ ಅಲ್ಲೇ ಸುರಿದು ಬನ್ನಿ.”

“ಕ್ಯಾನ್ಸರ್ ಕಣಾನ ಕೊಲ್ಲೋ ಕಣ ಎಲ್ರ ರಕ್ತದಲ್ಲೂ ಇರುತ್ತೆ ಕಣೇ. ಕಿರಣ ಬಿದ್ಮೇಲೆ ಅವುಕ್ಕೆ ಕೊಲ್ಲೋ ಶಕ್ತಿ ಉಳಿಯುತ್ತಾ ಅಂತ ನೋಡ್ತಾರೆ. ನನ್ನ ರಕ್ತ ಎರಡು ಟ್ಯೂಬು. ಒಂದಕ್ಕೆ ಕಿರಣ, ಇನ್ನೊಂದಕ್ಕೆ ಇಲ್ಲ. ಇಲ್ಲದ್ದು ನಾರ್ಮಲ್. ಅಲ್ಲಿ ನನ್ನ ಹೆಸರೇ ಅದು.”

“ನೀವು ನಾರ್ಮಲ್ಲಾ? ಹಲ್ಲಿ ಕಂಡ್ರೆ ಕುರ್ಚಿ ಹತ್ತೋರು! ನೀವು ಯಾರನ್ನ ಕೊಲ್ತೀರಿ?”

ಅವನಿಗೂ ನಗು ತಡೆಯಲಾಗಲಿಲ್ಲ.

*

ಮಸಣದಲ್ಲಿ ಎಲ್ಲ ಮುಗಿದಾಗ ಮೂರೂವರೆ. “ಚೆಲ್ಲಬೇಡಮ್ಮಾ,” ಎಂದಳು ಹೆಂಡತಿ. “ನಾನೂ ಬಂದು ನೋಡ್ತೀನಿ. ಆ ಕಿರಣ ಅವರನ್ನ ಏನು ಮಾಡಿತ್ತು ಅಂತ ಗೊತ್ತಾಗ್ಬೇಕು ನಂಗೆ.”

ಪ್ರಯೋಗಾಲಯದಲ್ಲಿ ಸಂಶೋಧಕಿ ಸೂಕ್ಷ್ಮದರ್ಶಕದ ಮುಂದೆ ಸ್ಟೂಲು ಎಳೆದುಕೊಟ್ಟಳು. “ದೊಡ್ಡವು ಕ್ಯಾನ್ಸರಿನವು, ಪುಟ್ಟವು ಅಣ್ಣಂದು. ಇವುಕ್ಕೆ ಜೋರಾಗೇ ಕಿರಣ ಬಿಟ್ಟಿದ್ವಿ.”

ಪುಟ್ಟವುಗಳಲ್ಲಿ ಹೆಚ್ಚಿನವು ತಮಗೆ ಸಂಬಂಧವೇ ಇಲ್ಲವೆಂಬಂತೆ ಬಿದ್ದುಕೊಂಡಿದ್ದವು. “ಇವು ಕೊಲ್ತಾನೇ ಇಲ್ವಲ್ಲಮ್ಮಾ,” ಎಂದಳು ಹೆಂಡತಿ.

“ನಾನು ಹೇಳ್ಲಿಲ್ವಾ?” ಎಂದ ಜೊತೆಗೆ ಬಂದಿದ್ದ ತಮ್ಮ, ನೋಡದೆಯೇ.

ಸಂಶೋಧಕಿ ಗಾಜು ಬದಲಿಸಿದಳು. ಅದರ ಅಂಚಿನ ಚೀಟಿಯಲ್ಲಿ ಗಂಡನದೇ ಸೊಟ್ಟ ಅಕ್ಷರ: ನಾರ್ಮಲ್. “ಇದಕ್ಕೆ ಕಿರಣ ಇಲ್ಲ. ಅಣ್ಣನ ಮೈಯಲ್ಲಿದ್ದ ಹಾಗೇ ಇವೆ. ಕ್ಯಾನ್ಸರಿನದು ಸತ್ರೆ ನೀಲಿ ಆಗುತ್ತೆ, ನೋಡ್ತಿರಿ.”

ಅಲ್ಲೆಲ್ಲ ನೀಲಿ. ನಡುವೆ ಒಂದು ಪುಟ್ಟ ಕಣ ತನಗಿಂತ ಮೂರು ಪಟ್ಟು ದೊಡ್ಡದಕ್ಕೆ ಅಂಟಿಕೊಂಡಿತ್ತು. ದೊಡ್ಡದು ಅಂಚಿನಿಂದ ಮೆಲ್ಲಗೆ ನೀಲಿಯಾಗತೊಡಗಿತು.

“ಅಯ್ಯೋ, ಹಲ್ಲಿ ಕಂಡ್ರೆ ಕುರ್ಚಿ ಹತ್ತೋರು…” ಎಂದಳು.

“ಅಕ್ಕಾ, ನಡಿ. ಮನೇಲಿ ಜನ ಕಾಯ್ತಿದಾರೆ,” ಎಂದ ತಮ್ಮ.

ಅವಳು ಕಣ್ಣು ಕೀಳಲಿಲ್ಲ.

“ಸ್ವಲ್ಪ ಇರೋ. ಇನ್ನೂ ಬಿಟ್ಟಿಲ್ಲ ಅವರು.”