ಐದು ತುಂಡಾಗದ ಸಾಲುಗಳು

ಬಾಳೂರಿನ ಕಾಫಿ ಬೆಳೆಗಾರರ ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಭವ್ಯಾ. ಬೆಳಿಗ್ಗೆ ಬಂದವಳೇ ಗೋಡೆಯ ಮೇಲಿನ ಈಶ್ವರನ ಪಟಕ್ಕೆ ಒಂದು ಹೂವಿಟ್ಟು, ಕೈಮುಗಿದು, ಆಮೇಲೆ ಸ್ವಿಚ್ ಒತ್ತುವುದು ಅವಳ ಕ್ರಮ. ದೇವರು ನೋಡುತ್ತಿದ್ದಾನೆ ಅಂದುಕೊಂಡು ಮಾಡಿದ ಕೆಲಸದಲ್ಲಿ ತಪ್ಪು ಕಡಿಮೆ ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಕಡಿಮೆ ಅಂದಿದ್ದಳೇ ಹೊರತು ಇಲ್ಲವೇ ಇಲ್ಲ ಅಂದಿರಲಿಲ್ಲ.

ಆ ಕಾರ್ತಿಕದಲ್ಲಿ ಚಿಕ್ಕಮಗಳೂರಿನ ಒಂದು ಕಣ್ಣಾಸ್ಪತ್ರೆಯವರು ತೋಟದ ಕೆಲಸದವರಿಗೆ ಪುಕ್ಕಟೆ ಪೊರೆ ಆಪರೇಷನ್ ಮಾಡಿಕೊಡಲು ಒಪ್ಪಿದ್ದರು. ಶುಕ್ರವಾರ ಹನ್ನೆರಡು ಗಂಟೆಯೊಳಗೆ ಪಟ್ಟಿ ಬರಬೇಕು, ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಸೋಮವಾರದಿಂದ ದಿನಾ ಒಂದು ಜೀಪು, ಮೊದಲು ಮೇಲಿನ ಲೈನಿಗೆ. ಹೆಸರು, ತಂದೆಯ ಹೆಸರು (ಮದುವೆಯಾದ ಹೆಂಗಸರಾದರೆ ರೇಷನ್ ಕಾರ್ಡಿನಲ್ಲಿರುವ ಗಂಡನ ಹೆಸರೇ), ವಯಸ್ಸು, ಊರು, ಯಾವ ಕಣ್ಣು ಎಂದು ಐದು ಕಾಲಂ. ಒಂದು ಖಾಲಿ ಬಿಟ್ಟರೂ ಅವರ ಕಂಪ್ಯೂಟರ್ ಆ ಸಾಲನ್ನು ತೆಗೆದುಕೊಳ್ಳುವುದಿಲ್ಲ.

ತೋಟದ ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಗಳಿಗೆಲ್ಲ ಹೋಗಿ ಹೆಸರು ಬರೆದುಕೊಂಡು ಬಂದವರು ಗುರುವಯ್ಯ. ಮೂವತ್ತನಾಲ್ಕು ವರ್ಷ ಹಾಜರಿ, ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಆಗಿದ್ದು ನಿವೃತ್ತರಾದವರು. ಮೊಮ್ಮಗಳಿಂದ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತು, ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಪ್ರತಿ ವಿಷಯದ ಮಧ್ಯೆ ಒಂದು ಕಾಮಾ ಹಾಕಿ ಎಂದು ಭವ್ಯಾ ಹೇಳಿದ್ದಳು, ಹಾಕಿದ್ದರು. ಹೇಳದೇ ಇದ್ದದ್ದನ್ನೂ ಹಾಕಿದ್ದರು: ನಡುನಡುವೆ 'ಶುಭೋದಯ', 'ಓಂ ನಮಃ ಶಿವಾಯ', 'ಕರೆಂಟ್ ಇಲ್ಲ, ಉಳಿದದ್ದು ನಾಳೆ'.

ಎಲ್ಲವನ್ನೂ ತಂದು ಎಕ್ಸೆಲ್‌ಗೆ ಸುರಿದರೆ ಒಂದೇ ಕಾಲಂನಲ್ಲಿ ಉದ್ದುದ್ದ ಬಿದ್ದಿತು. ಕೈಯಲ್ಲಿ ಬಿಡಿಸಿದರೆ ಎರಡು ದಿನದ ಕೆಲಸ. ಭವ್ಯಾ ಒಂದು ಮ್ಯಾಕ್ರೋ ಬರೆದಳು. ಮ್ಯಾಕ್ರೋ ಎಂದರೆ ಬೇರೇನಲ್ಲ, ಒಂದು ಸಾಲಿಗೆ ಮಾಡಬೇಕಾದ್ದನ್ನು ಒಮ್ಮೆ ಬರೆದಿಟ್ಟರೆ ಕಂಪ್ಯೂಟರ್ ಎಲ್ಲ ಸಾಲಿಗೂ ಅದನ್ನೇ ಮಾಡುತ್ತ ಹೋಗುತ್ತದೆ. ಕಾಮಾ ಕಂಡಲ್ಲಿ ಕತ್ತರಿಸು. ಹಿಂದೆ ಮುಂದೆ ಉಳಿದ ಖಾಲಿ ಜಾಗ ತೆಗೆ. ೬೮ ಎಂದಿದ್ದರೆ 68 ಮಾಡು. 'ವರ್ಷ' ಎಂಬ ಮಾತು ಕಂಡರೆ ಅಳಿಸು. ಕೊನೆಗೆ, ಐದು ತುಂಡಾಗದ ಸಾಲನ್ನು ಕಿತ್ತುಹಾಕು. ಶುಭೋದಯಗಳು ಹೋಗಲಿ ಎಂದು ಬರೆದ ಸಾಲು ಅದು. ಗುಂಡಿ ಒತ್ತಿದಳು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಪಟ್ಟಿ ನೇಯ್ದ ಚಾಪೆಯ ಹಾಗೆ ಹಾಸಿಕೊಂಡಿತು. ಗುರುವಾರ ಸಂಜೆಯೇ ಆಸ್ಪತ್ರೆಗೆ ಕಳಿಸಿ ಮನೆಗೆ ಹೋದಳು.

ಶುಕ್ರವಾರ ಹತ್ತು ಗಂಟೆಗೆ ಸಿದ್ದಗಂಗಮ್ಮ ಕೋಲೂರಿಕೊಂಡು ಬಂದಳು. ಮೇಲಿನ ತೋಟದ ಲೈನಿನವಳು, ಮಕ್ಕಳಿಲ್ಲದ ಒಂಟಿ ಹೆಂಗಸು. ಹೋದ ವರ್ಷದ ಕೊಯ್ಲಿನಲ್ಲಿ ಕಣ್ಣು ಮಂಜಾಗಿ ಕೆಂಪು ಹಣ್ಣಿನ ಜೊತೆ ಹಸಿರು ಕಾಯನ್ನೂ ಕಿತ್ತಿದ್ದಳು. ಮೇಸ್ತ್ರಿ ದಿಲೀಪ್ ಎಲ್ಲರ ಮುಂದೆ ಚೀಲ ಸುರಿದು, "ಈ ಸಲ ಬಿಟ್ಟೆ. ಮುಂದಿನ ಸಲವೂ ಹಿಂಗೇ ಹಸಿರು ತಂದ್ರೆ ಕೊಯ್ಲಿಗೆ ಬರಬೇಡ ಅಜ್ಜಿ" ಅಂದಿದ್ದ. ಸಂಕ್ರಾಂತಿ ಕಳೆದರೆ ರೊಬಸ್ಟಾ ಕಾಫಿ ಕೊಯ್ಲು. ಅಷ್ಟರೊಳಗೆ ಕಣ್ಣು ತಿಳಿಯಾಗಬೇಕು.

"ಸೋಮವಾರ ಜೀಪು ಎಷ್ಟೊತ್ತಿಗೆ ಬತ್ತದೆ ಮಗ?"

"ನೋಡಿ ಹೇಳ್ತೀನಿ, ಕೂತ್ಕೊಳ್ಳಿ ಅಜ್ಜಿ."

ಭವ್ಯಾ ಪಟ್ಟಿಯಲ್ಲಿ ಹೆಸರು ಹುಡುಕಿದಳು. ಇಲ್ಲ. ಬರೀ 'ಗಂಗ' ಎಂದು ಹುಡುಕಿದಳು. ಇಲ್ಲ. ಗುರುವಯ್ಯನವರಿಗೆ ಫೋನು ಮಾಡಿದಳು. ಅವರು ಪೇಟೆಯಲ್ಲೇ ಇದ್ದರು. ಐದು ನಿಮಿಷಕ್ಕೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕನ್ನಡಕ ಏರಿಸಿದರು.

"ಎಷ್ಟು ಜನ ಅದಾರೆ ಅದ್ರಲ್ಲಿ?"

"ನೂರಾ ಹದಿನೇಳು."

"ಎಂತ ಮಾರಾಯ್ತಿ! ನಾನು ಬರ್ದಿದ್ದು ನೂರಾ ನಲವತ್ತು. ಇಪ್ಪತ್ತಮೂರು ಜನರನ್ನ ಎಲ್ಲಿ ಇಳಿಸಿ ಬಂದೆ?"

ಭವ್ಯಾ ಪಟ್ಟಿ ಬದಿಗೆ ಸರಿಸಿದಳು. ವಾಟ್ಸಾಪಿನ ಮೂಲ ತೆಗೆದು ಬೆರಳಿಟ್ಟು ನೋಡುತ್ತ ಹೋದಳು. 'ಸಿದ್ದಗಂಗಮ್ಮ, ೬೮, ಮೇಲಿನ ಲೈನು, ಬಲಗಣ್ಣು.' ನಾಲ್ಕೇ ತುಂಡು. 'ರಾಮಮ್ಮ, ೭೧, ಕೆಳಗಿನ ಲೈನು, ಎರಡೂ.' ಅದೂ ನಾಲ್ಕು. ಇಪ್ಪತ್ತಮೂರೂ ಅಂಥವೇ, ಇಪ್ಪತ್ತಮೂರೂ ವಯಸ್ಸಾದ ಹೆಂಗಸರು.

"ಇವರ ಗಂಡನ ಹೆಸರು ಎಂತಕ್ಕೆ ಬರೀಲಿಲ್ಲ ನೀವು?"

"ಅವರು ಹೇಳ್ಲಿಲ್ಲ, ನಾನು ಬರೀಲಿಲ್ಲ. ಆ ಕಾಲದ ಹೆಂಗಸ್ರು ಗಂಡನ ಹೆಸರು ಬಾಯಲ್ಲಿ ಹೇಳ್ತಾರೇನೆ? ನಾನು ಎದ್ರಿಗೆ ಕೂತ್ಕೊಂಡು ಹೇಳು ಹೇಳು ಅಂತ ಪೀಡಿಸ್ಲಾ?"

"ನಿಮಗೆ ಗೊತ್ತಿತ್ತಲ್ಲ! ನೀವೇ ಬರೀಬಹುದಿತ್ತು."

"ಹೇಳಿದ್ದನ್ನ ಬರ್ಯೋನು ರೈಟರು. ತನ್ನಿಂದ ಸೇರ್ಸೋನು ಬೇರೆ ಕಸುಬು ನೋಡ್ಕೋಬೇಕು."

ಸಿದ್ದಗಂಗಮ್ಮ ಬೆಂಚಿನಿಂದ ಇಬ್ಬರ ದನಿಯ ಕಡೆಗೂ ಮುಖ ತಿರುಗಿಸುತ್ತ ಕೂತಿದ್ದಳು. "ನಂದೇನಾದ್ರೂ ತಪ್ಪಾಯ್ತಾ ಮಗ?" ಎಂದು ಮೆಲ್ಲಗೆ ಕೇಳಿದಳು.

"ನಿಮ್ಮದಲ್ಲ ಅಜ್ಜಿ. ನಾನೇ ನಿಮ್ಮನ್ನ ಕಸದ ಜೊತೆ ಗುಡಿಸಿಬಿಟ್ಟೆ."

ಆಸ್ಪತ್ರೆಗೆ ಫೋನು ಮಾಡಿದರೆ, "ಹನ್ನೆರಡರವರೆಗೆ ಟೈಮಿದೆ ಮೇಡಂ. ಆದ್ರೆ ಐದೂ ಕಾಲಂ ತುಂಬಿರ್ಬೇಕು" ಅಂದರು. ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

"ಸಿಪ್ಪೆ ಬಿಡಿಸೋ ಪಲ್ಪಿಂಗಿಗೆ ಅಂತ ಹಣ್ಣು ತೊಳೆಯೋವಾಗ ನೀರಲ್ಲಿ ತೇಲಿದ ಕಾಫೀನ ಎಂತ ಮಾಡ್ತೀವಿ?" ಗುರುವಯ್ಯ ಕುರ್ಚಿ ಎಳೆದುಕೊಂಡರು. "ಚರಂಡಿಗೆ ಎಸೀತೀವಾ? ಬೇರೆ ತೆಗೆದು ಬೇರೆ ಕಣದಲ್ಲಿ ಒಣಗಿಸ್ತೀವಿ. ಅದೂ ಬೆಳೆಯೇ. ನಿನ್ನ ಮಿಷನ್ನಿಗೆ ಅಷ್ಟು ಹೇಳು."

ಭವ್ಯಾ ಆ ಕೊನೆಯ ಆಜ್ಞೆಯನ್ನು ತಿದ್ದಿದಳು. ಐದು ತುಂಡಾಗದ ಸಾಲನ್ನು ಅಳಿಸಬೇಡ, ಎತ್ತಿ ಇನ್ನೊಂದು ಶೀಟಿನಲ್ಲಿಡು. ಆ ಶೀಟಿಗೆ 'ತೇಲಿದ್ದು' ಎಂದು ಹೆಸರಿಟ್ಟು ಮೂಲವನ್ನು ಮತ್ತೆ ಸುರಿದು ಓಡಿಸಿದಳು. ಇಪ್ಪತ್ತೊಂಬತ್ತು ಸಾಲು ಬಂದವು. ಆರು ಗುರುವಯ್ಯನವರ ಶುಭೋದಯ ವಗೈರೆ. ಉಳಿದದ್ದು ಇಪ್ಪತ್ತಮೂರು.

"ಈಗ ನೀವು ಸೇರಿಸಲೇಬೇಕು ರೈಟ್ರೇ. ಹೆಂಗಸರ ಬಾಯಲ್ಲಿ ಬರೋದಿಲ್ಲ ಅಂದ್ಮೇಲೆ ನಿಮ್ಮ ಬಾಯಲ್ಲೇ ಬರ್ಬೇಕು."

ಗುರುವಯ್ಯ ಕನ್ನಡಕ ತೆಗೆದು ಮಡಿಸಿಟ್ಟರು. ಆಮೇಲೆ ಕಣ್ಣು ಮುಚ್ಚಿದರು. ಬೆಳಿಗ್ಗೆ ಏಳೂವರೆಗೆ ಮಸ್ಟರ್ ಪುಸ್ತಕ ಹಿಡಿದು ಹಾಜರಿ ಕೂಗುತ್ತಿದ್ದ ಅದೇ ದನಿಯಲ್ಲಿ, ಅದೇ ಕ್ರಮದಲ್ಲಿ ಗಂಡಸರ ಹೆಸರು ಹೇಳತೊಡಗಿದರು. "ಕೆಳಗಿನ ಲೈನು, ಒಂದನೇ ಮನೆ, ಚನ್ನಕೇಶವ. ಅದು ರಾಮಮ್ಮನ ಮುಂದೆ ಹಾಕು. ಎರಡನೇ ಮನೆ..." ಅರ್ಧಕ್ಕರ್ಧ ಜನ ತೀರಿಕೊಂಡವರು. ಹೆಸರಿಗೆ ಹೆಸರು ಹಾಜರಾದಂತೆ ಭವ್ಯಾ ಒತ್ತುತ್ತ ಹೋದಳು. ಹದಿನಾರು ಹೀಗೆ ತುಂಬಿದವು. ಆರು ಮನೆಗಳಿಗೆ ಫೋನು ಹೋಯಿತು; ಅಲ್ಲಿ ಮೊಮ್ಮಕ್ಕಳು ತಾತನ ಹೆಸರನ್ನು ಯಾವ ಸಂಕೋಚವೂ ಇಲ್ಲದೆ ಕೂಗಿ ಹೇಳಿದವು.

ಉಳಿದದ್ದು ಸಿದ್ದಗಂಗಮ್ಮನದೊಂದು. ಹನ್ನೊಂದೂ ಮೂವತ್ತೈದು.

"ಇವಳ ಯಜಮಾನ ಅತ್ತಿಗುಂಡಿ ಕಡೆಯೋನು," ಅಂದರು ಗುರುವಯ್ಯ. "ಮರ ಕೊಯ್ಯೋ ಕೆಲಸ, ನಮ್ಮ ಮಸ್ಟರಿಗೆ ಸೇರಿದೋನಲ್ಲ. ಲೈನಿನಲ್ಲಿ ಎಲ್ರೂ ಗರಗಸದಣ್ಣ ಅಂತ ಕರೀತಿದ್ವಿ. ನಿಜವಾದ ಹೆಸರು ನಾನೂ ಕೇಳಿಲ್ಲ."

"ಅಜ್ಜಿ, ರೇಷನ್ ಕಾರ್ಡ್ ತಂದಿದೀರಾ?"

"ಮನೇಲದೆ ಮಗ, ಬೀಗ ಹಾಕಿ ಬಂದೀವ್ನಿ."

ಮೇಲಿನ ಲೈನಿಗೆ ಹೋಗಿ ಬರಲು ಒಂದೂವರೆ ಗಂಟೆ. ಭವ್ಯಾ ಎದ್ದು ಬಂದು ಅವಳ ಪಕ್ಕ ಕೂತಳು. "ಒಂದ್ಸಲ ಹೇಳಿ ಅಜ್ಜಿ. ನನ್ನ ಕಿವೀಲಿ ಹೇಳಿ ಸಾಕು."

"ಅವ್ರು ಇದ್ದಾಗ ಹೇಳ್ಲಿಲ್ಲ. ಸತ್ತು ಹನ್ನೊಂದು ವರ್ಷ ಆಯ್ತು, ಆಗ್ಲೂ ಹೇಳ್ಲಿಲ್ಲ. ಈಗ ಒಂದು ಕಣ್ಣಿಗೋಸ್ಕರ ಹೇಳ್ಲಾ?"

"ಹೇಳ್ದಿದ್ರೆ ಜೀಪಲ್ಲಿ ಜಾಗ ಇಲ್ಲ ಅಜ್ಜಿ."

ಸಿದ್ದಗಂಗಮ್ಮ ಪಟದ ಕಡೆಗೆ ಅಂದಾಜಿನಲ್ಲಿ ತಿರುಗಿ ಕೈಮುಗಿದಳು. ಆಮೇಲೆ ಎಡಗೈ ಮೇಲೆ ಹೊದ್ದಿದ್ದ ಸೆರಗನ್ನು ಮೊಳಕೈಯತ್ತ ಸರಿಸಿ, ತೋಳನ್ನು ಭವ್ಯಾಳ ಮಡಿಲಿಗೆ ಚಾಚಿದಳು. ಸುಕ್ಕಿನ ನಡುವೆ ಹಸಿರು ಹಚ್ಚೆ. ಮೇಲೆ ಒಂದು ಲಿಂಗ, ಅದರ ಕೆಳಗೆ ಮೂರು ಅಕ್ಷರ.

"ಬಾಯಲ್ಲಿ ಹೇಳಲ್ಲ. ಓದೋರು ಓದ್ಕೊಳ್ಳಿ."

ಭವ್ಯಾ ಓದಿದಳು, ತಾನೂ ಬಾಯಿಬಿಟ್ಟು ಹೇಳಲಿಲ್ಲ. ಎದ್ದು ಹೋಗಿ ಆ ಮೂರು ಅಕ್ಷರ ಒತ್ತಿದಳು.

"ಇನ್ನೂ ಕಾಣ್ತದಾ ಮಗ?" ಅಜ್ಜಿ ಸೆರಗು ಇಳಿಸುತ್ತ ಕೇಳಿದಳು. "ಎರಡು ವರ್ಷ ಆಯ್ತು, ನಂಗೆ ಅಲ್ಲಿ ಬರೀ ಮಸುಕು."

"ಚೆನ್ನಾಗಿ ಕಾಣ್ತದೆ ಅಜ್ಜಿ."

ಹನ್ನೊಂದೂ ನಲವತ್ತೆಂಟಕ್ಕೆ ನೂರಾ ನಲವತ್ತು ಸಾಲಿನ ಪಟ್ಟಿ ಹೋಯಿತು. ಸೋಮವಾರ ಬೆಳಿಗ್ಗೆ ಆರಕ್ಕೆ ಜೀಪು ಬಂತು.

ಸಂಕ್ರಾಂತಿ ಕಳೆದ ಎರಡನೇ ವಾರ, ಆಸ್ಪತ್ರೆಯವರು ಇನ್ನೊಂದು ಕ್ಯಾಂಪು ಎಂದದ್ದಕ್ಕೆ ಹೆಸರು ಬರೆದುಕೊಳ್ಳಲು ಭವ್ಯಾ ಮೇಲಿನ ತೋಟಕ್ಕೆ ಹೋದಳು. ಸಂಜೆ ಚೀಲ ಸುರಿಯುವ ಹೊತ್ತು. ಸಿದ್ದಗಂಗಮ್ಮನ ಸರದಿ ಬಂತು. ದಿಲೀಪ್ ಅವಳ ಹಣ್ಣನ್ನು ಟಾರ್ಪಾಲಿನ ಮೇಲೆ ಹರಡಿ, ಕೈಯಾಡಿಸಿ, ಎರಡು ಸಲ ಹುಡುಕಿದ. ಎಲ್ಲ ಕೆಂಪು.

"ಪರವಾಗಿಲ್ವೇ ಅಜ್ಜಿ, ಒಂದು ಹಸಿರೂ ಇಲ್ಲ!"

ಸಿದ್ದಗಂಗಮ್ಮ ಬಗ್ಗಿ, ಅವನ ಕಾಲಿನ ಹತ್ತಿರ ಟಾರ್ಪಾಲಿನ ಮೇಲಿದ್ದ ಒಂದು ಹಸಿರು ಕಾಯಿ ಆರಿಸಿ ಅವನ ಅಂಗೈಯಲ್ಲಿಟ್ಟಳು.

"ಇದು ಎಂತದು ಮೇಸ್ತ್ರಿ? ಭವ್ಯಾ, ಈ ಸಲದ ಪಟ್ಟೀಲಿ ಮೊದ್ಲು ಇವನ ಹೆಸರು ಬರ್ಕೊ. ಅಪ್ಪನ ಹೆಸರು ಕೇಳು, ಧಾರಾಳವಾಗಿ ಹೇಳ್ತಾನೆ."